ಹಂಡೆ ಕೊಳ್ಳುವ ಮುಂಚೆ

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ನಾಳಿನ ಕಂಪ್ಯೂಟರ್’ ಅಂತ ಅಚ್ಚಾಗಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತು ನಿನ್ನೆಯ ಕಂಪ್ಯೂಟರ್ ರಿಪೇರಿ ಮಾಡುವವನು ನಾಳಿನದರ ಬಗ್ಗೆ ಏನು ಹೇಳಲಿ? ಅಧ್ಯಕ್ಷರು ಕ್ಷಮಿಸಬೇಕು, ವಿಷಯ ಬದಲಾಯಿಸಿದ್ದೇನೆ. ದೀಪಾವಳಿ ಹತ್ತಿರ ಬಂತು, ಆನ್‌ಲೈನ್ ಆಫರ್‌ಗಳು ಶುರುವಾದವು. ಈ ವಾರ ಅಂಗಡಿಗೆ ಬಂದ ಹುಡುಗರೆಲ್ಲ ಕೇಳಿದ್ದು ಒಂದೇ ಮಾತು: ‘ಅಣ್ಣ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಲಿ?’ ಆಟದ ಚಿತ್ರ ಬಿಡಿಸಿ ತೆರೆಗೆ ಕಳಿಸುವ ಭಾಗ ಅದು. ಹಾಕಿಸಬೇಕಾ ಬೇಡವಾ ಅಂತ ಒಬ್ಬನೂ ಕೇಳಲಿಲ್ಲ. ನನ್ನ ಹೊಟ್ಟೆಯುರಿ ಅದೇ.

ಕಾರ್ಡ್ ಮಾರಿದರೆ ನನಗೆ ನಾಲ್ಕು ಕಾಸು ಸಿಗುತ್ತದೆ. ಆದರೂ ಬೇಡ ಅಂತ ಹೇಳಲು ಬಂದಿದ್ದೇನೆ ಅಂದರೆ, ಆ ತಪ್ಪನ್ನು ನಾನೇ ಮಾಡಿ ಪಾಠ ಕಲಿತವನು.

2018ರ ಜೂನ್. ಆಗ ಸಾಗರದ ಕಡೆ ಊರಿನ ಮನೆಯಲ್ಲಿದ್ದೆ. ನನ್ನ ಹತ್ತಿರ ಜಿಟಿಎಕ್ಸ್ 750 ಟಿಐ ಇತ್ತು. ಬಡಪಾಯಿ ಕಾರ್ಡು, 60 ವಾಟ್‌ನಲ್ಲಿ ಜೀವನ ಮಾಡುತ್ತಿತ್ತು, ಬೇರೆ ವೈರ್ ಕೂಡ ಕೇಳುತ್ತಿರಲಿಲ್ಲ. ನನಗೆ ಆರ್‌ಎಕ್ಸ್ 580 ಹುಚ್ಚು ಹಿಡಿಯಿತು. ಅದು 185 ವಾಟ್ ನುಂಗುವ ಸಾಮಾನು. ಭಾವ ಬೆಂಗಳೂರಿನಿಂದ ರಾತ್ರಿ ಬಸ್ಸಲ್ಲಿ ತಂದುಕೊಟ್ಟರು, ಕಂಬಳಿಯಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು. ಹಾಕಲು ಹೋದರೆ ಕ್ಯಾಬಿನೆಟ್ ಒಳಗೆ ಕೂರುವುದಿಲ್ಲ. ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಗೂಡು ಅಡ್ಡ. ಅಳತೆ ನೋಡಬೇಕು ಅನ್ನುವುದೇ ತಲೆಗೆ ಹೊಳೆದಿರಲಿಲ್ಲ. ಕೊಟ್ಟಿಗೆಯಿಂದ ಗರಗಸದ ಬ್ಲೇಡ್ ತಂದು ಕೊಯ್ದೆ. ಅಮ್ಮ ಬಂದು ನೋಡಿ, ‘ಕಂಪ್ಯೂಟರಿಗೂ ಗರಗಸ ಬೇಕೇನೋ?’ ಅಂದರು.

ಆಮೇಲೆ ಪವರ್. ನನ್ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ) ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಮೇಲೆ 450 ವಾಟ್ ಅಂತ ಸ್ಟಿಕ್ಕರ್ ಇತ್ತು. ಎತ್ತಿ ನೋಡಿದರೆ ಖಾಲಿ ಬಿಸ್ಕತ್ ಡಬ್ಬಿಯಷ್ಟು ಹಗುರ! ಕಾರ್ಡಿಗೆ ಬೇಕಾದ 8 ಪಿನ್ ವೈರ್ ಅದರಲ್ಲಿ ಇರಲೇ ಇಲ್ಲ. ‘ಇಲ್ಲ’ ಅಂದರೆ ‘ನನ್ನ ಕೈಲಾಗಲ್ಲ ಮಾರಾಯ’ ಅಂತ ಅದು ಹೇಳುತ್ತಿದೆ ಅಂತ ಅರ್ಥ. ನಾನು ಕೇಳಬೇಕಲ್ಲ? ಹಳೇ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಎರಡು ಮೊಲೆಕ್ಸ್ ಪಿನ್ ಸೇರಿಸಿ 8 ಪಿನ್ ಮಾಡುವ ಅಡಾಪ್ಟರ್ ತಂದು ಸಿಕ್ಕಿಸಿದೆ. ಆನ್ ಆಯಿತು. ಆಟ ಓಪನ್ ಮಾಡಿದೆ. ನಾಲ್ಕು ನಿಮಿಷ ಸ್ವರ್ಗ. ಆಮೇಲೆ ಟಪ್ ಅಂತ ಒಂದು ಶಬ್ದ, ಕತ್ತಲೆ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿ ಬಂದರು: ‘ಏನೋ ಸೀದ ವಾಸನೆ, ಏನು ಸುಟ್ಟೆ?’

ಕತೆ ಅಲ್ಲಿಗೆ ಮುಗಿದಿದ್ದರೆ ಪರವಾಗಿರಲಿಲ್ಲ. ಪುಣ್ಯಕ್ಕೆ ಕಾರ್ಡ್ ಉಳಿದಿತ್ತು. ಸಾಲ ಮಾಡಿ ಒಳ್ಳೆಯ ಎಸ್‌ಎಂಪಿಎಸ್ ತಂದೆ. ಜಿಟಿಎ 5 ಆಟ ಹಾಕಿದೆ. ಅದರಲ್ಲಿ ಊರ ನಡುವಿನ ರಸ್ತೆಯಲ್ಲಿ ಕಾರು ಓಡಿಸುವಾಗ ಹಳೇ ಕಾರ್ಡಿನಲ್ಲಿ ಸೆಕೆಂಡಿಗೆ 45 ಫ್ರೇಮ್, ಅಂದರೆ 45 ಚಿತ್ರ, ಬರುತ್ತಿತ್ತು. ಹೊಸದರಲ್ಲಿ? 48. (ನಗಬೇಡಿ, ಆ ದಿನ ನನಗೆ ಜ್ವರ ಬಂದಿತ್ತು.) ಮೂರು ಫ್ರೇಮಿಗೆ ಕಾರ್ಡಿನ ದುಡ್ಡು, ಎಸ್‌ಎಂಪಿಎಸ್ ದುಡ್ಡು, ಕೊಯ್ದ ಕ್ಯಾಬಿನೆಟ್. ಯಾಕೆ? ನನ್ನ ಪ್ರೊಸೆಸರ್ ಲೆಕ್ಕ ಹಾಕುವ ಕೋರು ಎರಡೇ ಇರುವ ಹಳೇ ಐ3.

ಅಪ್ಪಯ್ಯನಿಗೆ ಕಂಪ್ಯೂಟರ್ ಗೊತ್ತಿಲ್ಲ, ಅಡಿಕೆ ಗೊತ್ತು. ಪ್ರೊಸೆಸರ್ ಏನು ಮಾಡುತ್ತದೆ, ಕಾರ್ಡ್ ಏನು ಮಾಡುತ್ತದೆ ಅಂತ ಕೇಳಿಕೊಂಡರು. ಪ್ರತಿ ಫ್ರೇಮಿನಲ್ಲೂ ಯಾರು ಎಲ್ಲಿದ್ದಾರೆ, ಏನೇನು ಬಿಡಿಸಬೇಕು ಅಂತ ಪ್ರೊಸೆಸರ್ ಲೆಕ್ಕ ಹಾಕಿ ಕೊಡುತ್ತದೆ, ಕಾರ್ಡ್ ಅದನ್ನು ಚಿತ್ರ ಮಾಡುತ್ತದೆ ಅಂದೆ. ಎಲೆಯಡಿಕೆ ಉಗಿದು ಬಂದು ಹೇಳಿದರು: ‘ಹಂಗಾರೆ ಸುಲಿಯೋರು ಇಬ್ಬರೇ, ನೀನು ತಂದ ಹಂಡೆ ಮದುವೆ ಮನೇದು.’

ಇಲ್ಲಿ ಅರ್ಧ ಜನ ಅಡಿಕೆ ಮನೆಯವರೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೆಟ್ಟುಗತ್ತಿ ಮುಂದೆ ಕೂತವರು ಸುಲಿದಷ್ಟೇ ಹಂಡೆಗೆ ಬೀಳುವುದು. ಹಂಡೆಯಲ್ಲಿ ಬೆಂದಷ್ಟೇ ಅಟ್ಟಕ್ಕೆ ಏರುವುದು. ಪ್ರೊಸೆಸರ್ ಸುಲಿಯುವವರು, ಗ್ರಾಫಿಕ್ಸ್ ಕಾರ್ಡ್ ಹಂಡೆ, ಮಾನಿಟರ್ ಒಣಹಾಕುವ ಅಟ್ಟ. ಎಸ್‌ಎಂಪಿಎಸ್ ಸೌದೆ ಅಂದುಕೊಳ್ಳಿ. ನೀವು ಅಂಗಡಿಗೆ ಬಂದು ಹಂಡೆಯ ಬೆಲೆ ಮಾತ್ರ ಕೇಳುತ್ತೀರಿ.

ಪರೀಕ್ಷೆ ಮಾಡುವುದು ಸುಲಭ, ಖರ್ಚಿಲ್ಲ. ಇವತ್ತು ರಾತ್ರಿ ನೀವು ದಿನಾ ಆಡುವ ಆಟ ಹಾಕಿ. ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ತೆಗೆಯಿರಿ, ಫ್ರೇಮ್ ಮಿತಿ ಇಟ್ಟಿದ್ದರೆ ಅದನ್ನೂ ತೆಗೆಯಿರಿ. ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಜಿಪಿಯು ಬಳಕೆ, ಅಂದರೆ ಕಾರ್ಡ್ ಎಷ್ಟು ದುಡಿಯುತ್ತಿದೆ ಅನ್ನುವುದು, ತೆರೆಯ ಮೂಲೆಯಲ್ಲಿ ಕಾಣುವ ಹಾಗೆ ಮಾಡಿ. 97, 98 ಪ್ರತಿಶತ ತೋರಿಸುತ್ತಾ? ಹಂಡೆ ತುಂಬಿ ಕುದಿಯುತ್ತಿದೆ, ದೊಡ್ಡದು ಬೇಕು. 60 ತೋರಿಸುತ್ತಾ? ಸುಲಿಯುವವರು ಸಾಲುತ್ತಿಲ್ಲ. ಸಿಪಿಯು (ಪ್ರೊಸೆಸರ್) 40 ಪ್ರತಿಶತ ಮಾತ್ರ ಇದೆಯಲ್ಲ ಅಣ್ಣ ಅಂತ ವಾದ ಮಾಡಬೇಡಿ. ಆರು ಜನರಲ್ಲಿ ಒಬ್ಬ ಬೆವರು ಸುರಿಸಿ ಐವರು ಹರಟೆ ಹೊಡೆದರೂ ಸರಾಸರಿ ಕಡಿಮೆಯೇ ಬರುತ್ತದೆ. ಇನ್ನೂ ಅನುಮಾನವಿದ್ದರೆ ರೆಸಲ್ಯೂಶನ್, ಅಂದರೆ ಚಿತ್ರದ ಚುಕ್ಕಿಗಳ ಲೆಕ್ಕ, 1080ರಿಂದ 720ಕ್ಕೆ ಇಳಿಸಿ. ಹಂಡೆಯ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಆದರೂ ಫ್ರೇಮ್ ಏರಲಿಲ್ಲವೇ? ಕಾರ್ಡಿನ ಜಾಹೀರಾತು ಮುಚ್ಚಿ ಮಲಗಿ. ವ್ಯಾಲರಂಟ್ ಆಡುವವರಿಗೆ ಬಹಳ ಸಲ ಹೀಗೇ ಆಗುತ್ತದೆ.

ಅಟ್ಟದ ವಿಚಾರ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರವನ್ನೇ ತೋರಿಸುವುದು. ನಿಮ್ಮ ಕಾರ್ಡ್ 140 ಬೇಯಿಸಿ ಹಾಕಿದರೂ ಅಟ್ಟದಲ್ಲಿ ಜಾಗ ಅಷ್ಟೇ. 1080ರಲ್ಲಿ ಒಂದು ಚಿತ್ರಕ್ಕೆ 20,73,600 ಚುಕ್ಕಿ, 1440ರಲ್ಲಿ 36,86,400, 4ಕೆಯಲ್ಲಿ 82,94,400. ಹಾಗಾಗಿ 1080 ಮಾನಿಟರ್ ಇಟ್ಟುಕೊಂಡು 4ಕೆ ಕಾರ್ಡಿನ ರಿವ್ಯೂ ನೋಡಿ ಜೊಲ್ಲು ಸುರಿಸುವುದು ದಂಡ.

ಯಾರೋ ಹಿಂದಿನಿಂದ ‘ಹೆಸರು ಹೇಳಿ ಸರ್’ ಅನ್ನುತ್ತಿದ್ದಾರೆ. ಆಯ್ತಪ್ಪ. ಪರೀಕ್ಷೆ ಪಾಸಾಗಿ ಹಂಡೆಯೇ ಬೇಕು ಅಂತಾದರೆ ಮಾತ್ರ ಕೇಳಿ. 1080ರಲ್ಲಿ ಆಡುವವರಿಗೆ ಆರ್‌ಎಕ್ಸ್ 6600 ಇವತ್ತಿಗೂ ಮರ್ಯಾದಸ್ಥ ಕಾರ್ಡು, 132 ವಾಟ್. ಆರ್‌ಟಿಎಕ್ಸ್ 4060 ಇನ್ನೂ ಮಿತವ್ಯಯಿ, 115 ವಾಟ್. ಎರಡಕ್ಕೂ ಮೆಮೊರಿ 8 ಜಿಬಿ. ಅದು ತುಂಬಿದರೆ ಆಟ ಮುಗ್ಗರಿಸುತ್ತದೆ, ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರದ ಗುಣಮಟ್ಟ, ಒಂದು ಮೆಟ್ಟಿಲು ಇಳಿಸಲೇಬೇಕು. ಇಂಟೆಲ್ ಬಿ580ಗೆ 12 ಜಿಬಿ ಇದೆ, ಬೆಲೆಯೂ ಹಿತ. ಆದರೆ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಇಲ್ಲದ ಹಳೇ ಮದರ್ ಬೋರ್ಡಿಗೆ ದಯವಿಟ್ಟು ಹಾಕಬೇಡಿ. ಸುಲಿಯುವವರು ನಿಧಾನವಿದ್ದರೆ ಅದು ಮಿಕ್ಕವಕ್ಕಿಂತ ಹೆಚ್ಚು ಕುಂಟುತ್ತದೆ. 6500 ಎಕ್ಸ್‌ಟಿ ಅಗ್ಗ ಅಂತ ಬೀಳಬೇಡಿ. ಅದಕ್ಕೆ ಬೋರ್ಡಿನ ಜೊತೆ ಮಾತಾಡಲು ನಾಲ್ಕೇ ದಾರಿ, ಆ ದಾರಿ ಹಳೇ ಪಿಸಿಐಇ 3.0 ಆಗಿರುವ ಬೋರ್ಡಿನಲ್ಲಿ ಉಸಿರು ಕಟ್ಟುತ್ತದೆ. ಜಿಟಿಎಕ್ಸ್ 1060 ಇಟ್ಟುಕೊಂಡವರು ಒಂದು ತಿಳಿದಿರಿ: ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) 2025ರ ಅಕ್ಟೋಬರ್‌ಗೆ ಮುಗಿಯಿತು, ಭದ್ರತೆಯ ತಿದ್ದುಪಡಿ ಮಾತ್ರ ಮುಂದುವರಿದಿದೆ.

ಫ್ರೇಮ್ ಜನರೇಶನ್, ಅಂದರೆ ಅಸಲಿ ಫ್ರೇಮುಗಳ ನಡುವೆ ಕಾರ್ಡೇ ಊಹೆಯ ಫ್ರೇಮ್ ಸೇರಿಸುವುದು, ನೆಂಟರು ಜಾಸ್ತಿ ಬಂದಾಗ ಮಜ್ಜಿಗೆಗೆ ನೀರು ಹಾಕಿದ ಹಾಗೆ. ಲೋಟ ತುಂಬುತ್ತದೆ, ತಪ್ಪಲ್ಲ. ಆದರೆ ನಿಮ್ಮ ಬೆರಳಿಗೂ ತೆರೆಗೂ ನಡುವಿನ ತಡ ಅದರಿಂದ ಕಡಿಮೆಯಾಗುವುದಿಲ್ಲ. ಮೂಲ ಮಜ್ಜಿಗೆ ಗಟ್ಟಿಯಿದ್ದರೆ ಮಾತ್ರ ರುಚಿ.

ಚೀಟಿ ಬಂತು. ‘ಐದು ನಿಮಿಷ’. ಇನ್ನೂ ಸೌದೆ, ಸೆಕೆಂಡ್ ಹ್ಯಾಂಡ್, ಮಳೆಗಾಲ ಮೂರು ಬಾಕಿ ಇವೆಯಲ್ಲ!

ಸೌದೆ: ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ 75 ವಾಟ್ ಕೊಡುತ್ತದೆ, 6 ಪಿನ್ ಇನ್ನೊಂದು 75, 8 ಪಿನ್ 150. ಅಡಾಪ್ಟರ್ ಸಿಕ್ಕಿಸುವ ಮುಂಚೆ ನಮ್ಮಮ್ಮನ ಸೌಟು ನೆನಪಿರಲಿ.

ಸೆಕೆಂಡ್ ಹ್ಯಾಂಡ್: ಇಥೀರಿಯಮ್ ಅನ್ನುವ ಡಿಜಿಟಲ್ ನಾಣ್ಯ 2022ರ ಸೆಪ್ಟೆಂಬರ್ 15ಕ್ಕೆ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ಬಿಟ್ಟಿತು, ಹಗಲುರಾತ್ರಿ ದುಡಿದ ಕಾರ್ಡುಗಳು ಸಂತೆಗೆ ಬಂದವು. ದುಡಿದದ್ದೇ ದೋಷ ಅಲ್ಲ. ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ, ಫ್ಯಾನ್ ಶಬ್ದ ಕೇಳಿ, ಶಾಖ ನೋಡಿ ಆಮೇಲೆ ದುಡ್ಡು ಕೊಡಿ. ಡಬ್ಬಿ ಹೊಸದಾಗಿದೆ ಅಂತ ಮರುಳಾಗಬೇಡಿ.

ಮಳೆಗಾಲ: ಇದು ನಮ್ಮ ಕಡೆಯವರಿಗೇ ಬೇಕಾದ್ದು, ಬೆಂಗಳೂರಿನ ರಿವ್ಯೂದವರು ಹೇಳುವುದಿಲ್ಲ. ಜೋಗದ ಕೆಳಗೆ ಶರಾವತಿಯ 1,035 ಮೆಗಾವಾಟ್ ಸ್ಥಾವರ ಇದೆ, ಪಕ್ಕದ ಊರಿನಲ್ಲಿ ಮರ ಬಿದ್ದರೆ ನಾವು ಎರಡು ದಿನ ಸೀಮೆಎಣ್ಣೆ ಬುಡ್ಡಿ! ಕಾರ್ಡಿನ ಬಜೆಟ್ಟಿನಲ್ಲಿ ಯುಪಿಎಸ್ ದುಡ್ಡು ಮೊದಲು ತೆಗೆದಿಡಿ. ಗುಡುಗಿದರೆ ಪ್ಲಗ್ ಕೀಳಿ, ನೆಟ್ ಕೇಬಲ್ಲನ್ನೂ ಕೀಳಿ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆಗಾಗ ಓಡಿಸುತ್ತಿರಿ. ಹೋದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಕ್ಯಾಬಿನೆಟ್ ಬಿಚ್ಚಿದರೆ ಕಾರ್ಡಿನ ಫ್ಯಾನ್ ಹಿಂದೆ ಹಲ್ಲಿ ಮೊಟ್ಟೆ ಇಟ್ಟಿತ್ತು, ನಾಲ್ಕು. ಹುಡುಗ ಹೊಸ ಕಾರ್ಡಿಗೆ ಅಂತ ದುಡ್ಡು ತಂದಿದ್ದ. ಬ್ರಷ್‌ನಲ್ಲಿ ಒರೆಸಿ, ಶಾಖ ಸಾಗಿಸುವ ಪೇಸ್ಟ್ ಹಾಕಿ ಕಳಿಸಿದೆ, ಈಗಲೂ ಓಡುತ್ತಿದೆ.

ಎರಡನೇ ಚೀಟಿ. ಇದರಲ್ಲಿ ‘ಊಟ ತಣ್ಣಗಾಗ್ತಿದೆ’ ಅಂತ ಬರೆದಿದ್ದಾರೆ. ಕೊನೆಯ ಸಾಲಿನಲ್ಲಿ ಇಬ್ಬರು ಕ್ಯಾಬಿನೆಟ್ ಹೊತ್ತುಕೊಂಡೇ ಬಂದಿದ್ದೀರಿ, ಆಗಿನಿಂದ ನೋಡುತ್ತಿದ್ದೇನೆ. ಊಟ ಆದಮೇಲೆ ಈ ಮೇಜಿನ ಮೇಲೇ ಬಿಚ್ಚೋಣ. ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿದೆ. ಮಾನಿಟರ್ ಒಂದು ಇದ್ದರೆ ಆಫೀಸಿನಿಂದ ಯಾರಾದರೂ ತಂದಿಡಿ.