ಮೀನೆಣ್ಣೆ ಡಬ್ಬಿ ತಿರುಗಿಸಿ ನೋಡಿದ್ದೀರಾ?

[ಕ್ಯಾಮೆರಾ ಹತ್ತಿರಕ್ಕೆ: ಅಂಗೈಯಲ್ಲಿ ಒಂದು ಡಬ್ಬಿ]

ನಮಸ್ಕಾರ. ಮುಂದುಗಡೆ ನೋಡಿ, ದಪ್ಪಕ್ಷರದಲ್ಲಿ ‘ಮೀನೆಣ್ಣೆ 1000 ಮಿ.ಗ್ರಾಂ’. ಈಗ ಹಿಂದಕ್ಕೆ ತಿರುಗಿಸುತ್ತೇನೆ. ಸಣ್ಣ ಅಕ್ಷರ, ನನಗೆ ಕನ್ನಡಕ ಬೇಕು. ಇಪಿಎ 180, ಡಿಎಚ್‌ಎ 120. ಇವೆರಡೂ ಒಮೆಗಾ-3 ಕೊಬ್ಬುಗಳು, ಮೀನೆಣ್ಣೆಯಲ್ಲಿ ಕೆಲಸ ಮಾಡುವ ಭಾಗ. ಅಂದರೆ ನಮಗೆ ಬೇಕಾದದ್ದು ಬರೀ 300 ಮಿ.ಗ್ರಾಂ.

ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬಿದ್ದು ಊದಿಸುವ ಸಂಧಿವಾತ, ಇರುವವರಿಗೆ ದಿನಕ್ಕೆ ಸುಮಾರು 3 ಗ್ರಾಂ ಇಪಿಎ-ಡಿಎಚ್‌ಎ ಕೊಟ್ಟು ನೋಡಿದ ಪ್ರಯೋಗಗಳಿವೆ. ಕೀಲುನೋವು, ಬೆಳಗ್ಗೆ ಬೆರಳು ಮಡಚಲಾಗದ ಬಿಗಿತ ಸ್ವಲ್ಪ ತಗ್ಗಿದೆ. ಅದೂ ಎರಡು ಮೂರು ತಿಂಗಳಾದ ಮೇಲೆ. ಈ ಡಬ್ಬಿಯ ಲೆಕ್ಕದಲ್ಲಿ ದಿನಕ್ಕೆ 10 ಕ್ಯಾಪ್ಸೂಲ್! ವಾರ ಪೂರ್ತಿ ಒಂದೊಂದು ನುಂಗಿ ‘ಏನೂ ಆಗಲಿಲ್ಲ’ ಅಂದರೆ ಹೇಗೆ?

[ಚಿತ್ರ: ಜೀವಕೋಶದ ಪೊರೆ]

ಗಾಯವಾದಾಗ ಕೆಂಪಾಗಿ ಊದುವುದು ಒಳ್ಳೆಯದೇ. ಮಾಗಿದ ಮೇಲೂ ಆ ಊತ ಒಳಗೊಳಗೇ ಹೊಗೆಯಾಡುತ್ತಿದ್ದರೆ ಮಾತ್ರ ಕಷ್ಟ. ನಮ್ಮ ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಅಂತ ಒಂದು ಕೊಬ್ಬು ಇದೆ. ನೋವು, ಊತ ಹೆಚ್ಚಿಸುವ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗುವುದು ಇದರಿಂದಲೇ. ಆಸ್ಪಿರಿನ್ ಆ ತಯಾರಿಯನ್ನು ತಡೆಯುತ್ತದೆ. ಇಪಿಎ ದಾರಿ ಬೇರೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ವಾ, ಹಾಗೆ ಅರಾಕಿಡೋನಿಕ್ ಆಮ್ಲದ ಸೀಟು ಹಿಡಿದು ಕೂರುತ್ತದೆ. ಸೀಟು ತುಂಬಲು ಸಮಯ ಬೇಕು. ತಡವಾಗುವುದು ಅದಕ್ಕೇ.

ಇನ್ನೊಂದು ವಿಷಯ ನನಗೆ ಜಾಸ್ತಿ ಇಷ್ಟ. ಊತ ತಾನಾಗೇ ಆರಿಹೋಗುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 2000ರ ಆಸುಪಾಸಿನಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೆರ್ಹಾನ್ ತಂಡ ಇಪಿಎ, ಡಿಎಚ್‌ಎಯಿಂದ ದೇಹ ತಯಾರಿಸುವ ರಿಸಾಲ್ವಿನ್ ಅನ್ನುವ ವಸ್ತುಗಳನ್ನು ಕಂಡುಹಿಡಿಯಿತು. ‘ಸಾಕು, ಇನ್ನು ಹೊರಡಿ’ ಅಂತ ಊತಕ್ಕೆ ಹೇಳುವುದು ಇವು.

ಅಂದಹಾಗೆ, ಮೀನಿಗೆ ಈ ಕೊಬ್ಬು ಸಿಗುವುದು ಸಮುದ್ರದ ಸೂಕ್ಷ್ಮ ಪಾಚಿಯಿಂದ. ಸಸ್ಯಾಹಾರಿಗಳಿಗೆ ಪಾಚಿಯ ಎಣ್ಣೆಯೇ ಸಿಗುತ್ತದೆ.

[ದೃಶ್ಯ: ಬಂಡೆಗೆ ಅಂಟಿದ ಪಚ್ಚಿಲೆ]

ಕರಾವಳಿಯವರಿಗೆ ಪಚ್ಚಿಲೆ ಗೊತ್ತು, ಸಮುದ್ರದ ಚಿಪ್ಪುಜೀವಿ. ಹಸಿರು ಅಂಚಿನ ಚಿಪ್ಪು, ನಾರು ಬಿಟ್ಟು ಬಂಡೆ ಹಿಡಿದುಕೊಂಡಿರುತ್ತದೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ಸಾರದಿಂದ ಕೀಲುನೋವಿಗೆ ‘ಕಡಲ್ಮಿನ್’ ಕ್ಯಾಪ್ಸೂಲ್ ಮಾಡಿದೆ. ಇದರ ನೆಂಟ ನ್ಯೂಜಿಲೆಂಡಿನಲ್ಲಿದೆ. ಅದರ ಪುಡಿ 1970ರ ದಶಕದಿಂದ ಮಾರಾಟದಲ್ಲಿದೆ. ಪರೀಕ್ಷೆಗಳ ಫಲಿತಾಂಶ ಮಾತ್ರ ಒಮ್ಮೆ ಹೌದು, ಒಮ್ಮೆ ಇಲ್ಲ. ‘ಹಾಗಾದರೆ ಪಚ್ಚಿಲೆ ಸುಕ್ಕ ತಿಂದರೆ ಸಾಕಲ್ವಾ?’ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ರುಚಿಗೆ ತಿನ್ನಿ. ಮದ್ದು ಅಂತ ಬೇಡ.

ಲ್ಯಾಬಿನಲ್ಲಿ ಗೆದ್ದದ್ದೆಲ್ಲ ಮಾತ್ರೆಯಾಗುವುದಿಲ್ಲ. ಪೆಸಿಫಿಕ್ ಸಾಗರದ ಪಲಾವ್ ದ್ವೀಪದ ಸ್ಪಂಜು ಅನ್ನುವ ಸಮುದ್ರಜೀವಿಯಿಂದ 1980ರಲ್ಲಿ ಮನೋಅಲೈಡ್ ಅನ್ನುವ ವಸ್ತು ಸಿಕ್ಕಿತು. ಅರಾಕಿಡೋನಿಕ್ ಆಮ್ಲ ಪೊರೆ ಬಿಟ್ಟು ಹೊರಬರುವ ಹಂತವನ್ನೇ ಅದು ತಡೆಯುತ್ತಿತ್ತು. ಸೋರಿಯಾಸಿಸ್ ಅನ್ನುವ ಚರ್ಮರೋಗಕ್ಕೆ ಹಚ್ಚಿ ನೋಡಿದರು. ಔಷಧಿ ಅಂಗಡಿವರೆಗೆ ಬರಲೇ ಇಲ್ಲ. ಆದರೂ ಆ ಹಂತ ಹೇಗೆ ನಡೆಯುತ್ತದೆ ಅಂತ ತಿಳಿಯಲು ವಿಜ್ಞಾನಿಗಳು ಅದನ್ನು ಬಳಸಿದರು.

[ಮತ್ತೆ ಡಬ್ಬಿ]

ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರು, ಚಿಪ್ಪು-ಸೀಗಡಿ ಅಲರ್ಜಿ ಇರುವವರು ಕೇಳದೆ ಇವನ್ನು ಶುರು ಮಾಡಬೇಡಿ. ಸಂಧಿವಾತಕ್ಕೆ ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಔಷಧಿ ನಿಲ್ಲಿಸಿ ಇದನ್ನು ಹಿಡಿಯುವುದಂತೂ ಬೇಡವೇ ಬೇಡ. ಕೀಲು ಒಮ್ಮೆ ಸವೆದರೆ ಮೀನೆಣ್ಣೆ ಅದನ್ನು ಕಟ್ಟಿಕೊಡುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಳ್ಳಿ, ಹಿಂದಿನ ಸಣ್ಣ ಅಕ್ಷರ ಅವರೂ ಓದಲಿ.