ಒಂದು ಫೋನ್ ಇದ್ದಿದ್ದರೆ ಬಚಾವಾಗುತ್ತಿದ್ದರಾ?

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಹಾರರ್ ಕಾದಂಬರಿ ಎಲ್ಲಾ ಒಂದೇ. ನಾಲ್ಕು ಜನ ಗೆಳೆಯರು ಕಾಡಿಗೆ ಹೋಗುತ್ತಾರೆ, ನೆಟ್‌ವರ್ಕ್ ಇರಲ್ಲ, ರಾಕ್ಷಸ ಬರುತ್ತೆ. ಒಂದು ಫೋನ್ ಇದ್ದಿದ್ದರೆ ಕಥೆನೇ ಇಲ್ಲ." ಓದಿ ಮೈ ಉರಿದುಹೋಯಿತು. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದು ಆಮೇಲೆ ಆಗಲಿ.

ಸ್ಟೀಫನ್ ಕಿಂಗ್ ಬರೆದ 'ಡ್ರೀಮ್‌ಕ್ಯಾಚರ್' ತೆಗೆದುಕೊಳ್ಳಿ. 2001ರ ಪುಸ್ತಕ. ಅಮೆರಿಕದ ಮೇನ್ ರಾಜ್ಯ, ನವೆಂಬರ್ ತಿಂಗಳು, ಹಿಮ ಸುರಿಯುತ್ತಿದೆ. ಜೋನ್ಸಿ, ಹೆನ್ರಿ, ಬೀವರ್, ಪೀಟ್. ಚಿಕ್ಕಂದಿನ ಗೆಳೆಯರು. ಪ್ರತಿ ವರ್ಷದ ಹಾಗೆ ಜಿಂಕೆ ಬೇಟೆಗೆ ಕಾಡಿನ ಕ್ಯಾಬಿನ್ನಿಗೆ ಬಂದಿದ್ದಾರೆ. ದಾರಿ ತಪ್ಪಿದ ಒಬ್ಬ ಬೇಟೆಗಾರ ಬರುತ್ತಾನೆ. ಅವನ ಹೊಟ್ಟೆಯೊಳಗೆ ಏನೋ ಬೆಳೆಯುತ್ತಿದೆ.

ಸರಿ, ಫೋನ್ ಕೊಡೋಣ. ಯಾರಿಗೆ ಮಾಡುತ್ತಾರೆ? ಕಾಡಿನಲ್ಲಿ ಅನ್ಯಗ್ರಹದ ಜೀವಿಗಳು ಇಳಿದಿವೆ ಅಂತ ಸೈನ್ಯ ಆಗಲೇ ಬಂದಿದೆ! ಮೇಲೆ ಹೆಲಿಕಾಪ್ಟರ್ ಹಾರುತ್ತಿವೆ. ಇಡೀ ಪ್ರದೇಶಕ್ಕೆ ದಿಗ್ಬಂಧನ. ಜನರನ್ನು ಹಿಡಿದು ಬೇಲಿಯೊಳಗೆ ಕೂಡಿಹಾಕಿದ್ದಾರೆ. ಕರ್ಟ್ಜ್ ಅನ್ನೋ ಅಧಿಕಾರಿ ಅವರನ್ನೆಲ್ಲ ಮುಗಿಸಿಬಿಡೋ ಲೆಕ್ಕ ಹಾಕುತ್ತಿದ್ದಾನೆ. ಸುತ್ತ ಸೈನ್ಯ ಇದ್ದರೂ ಇವರು ಒಂಟಿ. ಸಿಗ್ನಲ್ ಇಲ್ಲ ಅಂತ ಅಲ್ಲ ಸ್ವಾಮಿ, ಕೇಳುವವರಿಲ್ಲ ಅಂತ ಒಂಟಿ.

ಹೆನ್ರಿಯನ್ನೇ ನೋಡಿ. ವೃತ್ತಿಯಲ್ಲಿ ಮನೋವೈದ್ಯ. ಸಾಯಬೇಕು ಅಂತ ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಾನೆ. ಅದನ್ನು ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಿಲ್ಲ. ರಾಕ್ಷಸ ಬರುವ ಮುಂಚೆಯೇ ಅವನು ಒಂಟಿ ಅಲ್ವಾ? ಅದಕ್ಕೆ ಯಾವ ಟವರ್ ಹಾಕಿಸುತ್ತೀರಿ?

ಆಮೇಲೆ ಬೀವರ್. ಬೇಟೆಗಾರನ ಹೊಟ್ಟೆಯಿಂದ ಹೊರಬಂದ ಹುಳ ಟಾಯ್ಲೆಟ್ ಒಳಗಿದೆ, ಮುಚ್ಚಳದ ಮೇಲೆ ಇವನು ಕೂತಿದ್ದಾನೆ. ಟೇಪ್ ತರೋಕೆ ಜೋನ್ಸಿ ಶೆಡ್ಡಿಗೆ ಓಡಿದ್ದಾನೆ. ಬೀವರ್‌ಗೆ ಯಾವಾಗಲೂ ಬಾಯಲ್ಲಿ ಟೂತ್‌ಪಿಕ್ ಇರಬೇಕು. ಅವು ನೆಲದ ಮೇಲೆ ಚೆಲ್ಲಿವೆ, ನೆಲದ ತುಂಬ ರಕ್ತ. ರಕ್ತ ತಾಗದ ಒಂದು ಕಡ್ಡಿ ಕಾಣಿಸುತ್ತದೆ. ಬಗ್ಗುತ್ತಾನೆ. ಅಷ್ಟೇ. ಜನ ಇದನ್ನು 'ಛೀ, ಕೊಳಕು' ಅಂತ ನಗುತ್ತಾರೆ. ನನಗೆ ಆ ಪುಟದಲ್ಲಿ ಕೈ ನಡುಗುತ್ತದೆ. ಗೆಳೆಯ ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದಾನೆ, ಆದರೂ ಆ ಕ್ಷಣದಲ್ಲಿ ಇವನ ಪಕ್ಕ ಯಾರೂ ಇಲ್ಲ!

ಚಾನೆಲ್‌ಗೆ ಹೊಸಬರಾದರೆ ಸಬ್‌ಸ್ಕ್ರೈಬ್ ಮಾಡಿ. ಪುಸ್ತಕದ ಬಗ್ಗೆ ಹೀಗೆ ಮನಸ್ಸಿಟ್ಟು ಮಾತಾಡೋ ಜಾಗ ಜಾಸ್ತಿ ಇಲ್ಲ, ಇದು ಉಳಿಯಬೇಕು.

ಇನ್ನು ಜೋನ್ಸಿ. ಅವನ ದೇಹವನ್ನೇ ಮಿಸ್ಟರ್ ಗ್ರೇ ಅನ್ನೋ ಅನ್ಯಗ್ರಹ ಜೀವಿ ಕಿತ್ತುಕೊಳ್ಳುತ್ತಾನೆ. ಜೋನ್ಸಿ ತನ್ನದೇ ತಲೆಯೊಳಗಿನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಇದಕ್ಕಿಂತ ನಿರ್ಜನ ಜಾಗ ಯಾವ ಕಾಡಿನಲ್ಲಿದೆ? ಕಿಂಗ್‌ಗೆ 1999ರ ಜೂನ್‌ನಲ್ಲಿ ವ್ಯಾನ್ ಗುದ್ದಿತ್ತು. ಕೂರೋಕೂ ಆಗದಂಥ ನೋವಿನಲ್ಲಿ ಫೌಂಟನ್ ಪೆನ್ ಹಿಡಿದು ಈ ಕಾದಂಬರಿಯ ಮೊದಲ ಕರಡು ಬರೆದರು. ಜೋನ್ಸಿಗೂ ಕಾರು ಗುದ್ದಿದೆ, ಸೊಂಟ ಮುರಿದಿದೆ. ಸ್ವಂತ ಮೈಯೇ ಮಾತು ಕೇಳದಿದ್ದರೆ ಹೇಗಿರುತ್ತೆ ಅಂತ ಗೊತ್ತಿದ್ದವರು ಬರೆದ ಪುಟಗಳು ಅವು.

"ಕಿಂಗ್‌ಗೇ ಈ ಪುಸ್ತಕ ಇಷ್ಟ ಇಲ್ವಂತೆ" ಅಂತ ಯಾರೋ ಬಂದೇ ಬರುತ್ತಾರೆ. ಹೌದು, 2014ರಲ್ಲಿ ಒಂದು ಸಂದರ್ಶನದಲ್ಲಿ ಹಾಗೆ ಹೇಳಿದ್ದಾರೆ. ಹೇಳಲಿ ಬಿಡಿ! ಬರೆದು ಕೊಟ್ಟ ಮೇಲೆ ಅದು ಓದಿದವರದ್ದು. ನನಗೆ ಇಷ್ಟ. "2003ರ ಸಿನಿಮಾ ಬೋರ್" ಅಂತೀರಾ? ನಾನು ಸಿನಿಮಾ ಬಗ್ಗೆ ಮಾತಾಡಲೇ ಇಲ್ಲ. "ತುಂಬಾ ಉದ್ದ." ಉದ್ದ ಇದ್ದರೆ ನಿಧಾನಕ್ಕೆ ಓದಿ, ಯಾರು ಓಡಿಸುತ್ತಿದ್ದಾರೆ?

ಫೋನ್ ಅಂತೆ, ಫೋನ್! ಸೈನ್ಯ ಬಂದರೂ ಅವರು ಒಂಟಿ, ಗೆಳೆಯರ ಮಧ್ಯೆ ಕೂತರೂ ಒಂಟಿ. ಇನ್ನೊಂದು ಸಲ ಆ ಮಾತು ಬರೆಯಬೇಡಿ. ಮೊದಲು ಪುಸ್ತಕ ಓದಿ. ಇವರ ಐದನೇ ಗೆಳೆಯ ಡಡಿಟ್ಸ್ ಬಗ್ಗೆ ಇವತ್ತು ಬಾಯಿ ಬಿಡಲಿಲ್ಲ, ಅವನಿಗೆ ಒಂದು ಪೂರ್ತಿ ಸಂಚಿಕೆ ಬೇಕು. ಮುಂದಿನ ವಾರ ಅದೇ.