ಏನನ್ನೂ ಹೊರದ ಕಂಬಗಳು

ದೃಶ್ಯ: ಹೊಸ ಮನೆಯೊಂದರ ಹಜಾರ. ಚಿನ್ನದ ಬಣ್ಣದ ಎರಡು ಕಂಬಗಳು, ಅವುಗಳ ನಡುವೆ ತೂಗುದೀಪ.

ನಿರೂಪಣೆ:
ನಮಸ್ಕಾರ. ಮೈಸೂರಿನ ಹೊಸ ಬಡಾವಣೆಗಳಲ್ಲಿ ಉಳ್ಳವರ ಗೃಹಪ್ರವೇಶಕ್ಕೆ ಹೋದರೆ ಹಜಾರದಲ್ಲಿ ಇಂಥ ಎರಡು ಕಂಬಗಳು ಎದುರಾಗುವುದು ಹೆಚ್ಚುಕಡಿಮೆ ಖಂಡಿತ. ಮೈತುಂಬ ಬಳ್ಳಿ, ತಲೆಯ ಮೇಲೆ ತಾವರೆ, ಎಲ್ಲಕ್ಕೂ ಚಿನ್ನದ ಬಣ್ಣ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಸೂರಿನ ಭಾರ ಹೊತ್ತ ಕಂಬ ಬೇರೆಲ್ಲೋ ಗೋಡೆಯೊಳಗೆ ಹುದುಗಿದೆ. ಇವು ಪ್ಲಾಸ್ಟರಿನವು, ನೋಟಕ್ಕೆ ಮಾತ್ರ. "ಅರಮನೆಯ ಹಾಗೆಯೇ ಮಾಡಿಸಿದ್ದೇವೆ" ಎಂದು ಮನೆಯವರು ಸಂಭ್ರಮದಿಂದ ಹೇಳುತ್ತಾರೆ. ಅರಮನೆ ಇಲ್ಲೇ, ಊರ ನಡುವೆಯೇ ಇದೆಯಲ್ಲ, ಒಮ್ಮೆ ಹೋಗಿ ನೋಡಿಬಿಡೋಣ.

ದೃಶ್ಯ: ಅಂಬಾವಿಲಾಸ ಅರಮನೆ, ಕಲ್ಯಾಣ ಮಂಟಪದ ಒಳಗೆ. ಕ್ಯಾಮೆರಾ ನೆಲದಿಂದ ಮೇಲಕ್ಕೆ ಏರುತ್ತದೆ.

ನಿರೂಪಣೆ:
ಈ ಕಟ್ಟಡದ ಹಿಂದೆ ಒಂದು ಬೆಂಕಿಯ ಕಥೆ ಇದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಆಗ ರಾಜ್ಯದ ಹೊಣೆ ಹೊತ್ತಿದ್ದವರು ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ನಕ್ಷೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಗೆ ಕೊಟ್ಟರು. 1912ರಲ್ಲಿ ಕೆಲಸ ಮುಗಿಯಿತು, ಖರ್ಚು ಸುಮಾರು 41.5 ಲಕ್ಷ ರೂಪಾಯಿ. ಮರ ಸುಟ್ಟು ಬೂದಿಯಾದುದನ್ನು ಕಂಡವರು ಕಟ್ಟಿಸಿದ ಮನೆ ಇದು. ಹಾಗಾಗಿ ಕಲ್ಲು ಬಂತು, ಕಬ್ಬಿಣ ಬಂತು.

ಈಗ ಈ ಕಂಬಗಳನ್ನು ನೋಡಿ. ನವಿಲಿನ ಕತ್ತಿನ ಬಣ್ಣ, ಅಂಚಿನಲ್ಲಿ ಚಿನ್ನ. ಕೆತ್ತನೆಯ ನಯ ನೋಡಿದವರು ಮರವೆಂದೋ ಗಾರೆಯೆಂದೋ ಅಂದುಕೊಳ್ಳುತ್ತಾರೆ. ಎರಕದ ಕಬ್ಬಿಣ! ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. ಅಷ್ಟಕೋನದ ಮಂಟಪದ ಗಾಜಿನ ಮಾಳಿಗೆಯನ್ನು ಹೊತ್ತು ನಿಂತಿರುವುದು ಈ ಕಬ್ಬಿಣವೇ. ಕಬ್ಬಿಣಕ್ಕೆ ತ್ರಾಣ ಹೆಚ್ಚು, ಹಾಗಾಗಿ ಕಂಬವನ್ನು ತೆಳ್ಳಗೆ ಮಾಡಬಹುದು. ಕಂಬ ತೆಳ್ಳಗಾದಷ್ಟೂ ಮಂಟಪ ತೆರೆದುಕೊಳ್ಳುತ್ತದೆ. ಸುತ್ತ ಎಲ್ಲಿ ನಿಂತರೂ ನಡುವಿನ ಧಾರೆ ಕಾಣುತ್ತದೆ. ಹೊಸ ಮನೆಗಳ ದಪ್ಪ ಕಂಬ ಮಾಡುವುದು ಇದಕ್ಕೆ ತದ್ವಿರುದ್ಧ. ಭಾರ ಹೊರುವುದಿಲ್ಲ, ಜಾಗ ನುಂಗುತ್ತದೆ, ನೋಟಕ್ಕೆ ಅಡ್ಡ ಬರುತ್ತದೆ.

ದೃಶ್ಯ: ಬಣ್ಣದ ಗಾಜಿನ ಮಾಳಿಗೆ. ನಂತರ ನೆಲದ ಹಂಚುಗಳು.

ನಿರೂಪಣೆ:
ತಲೆಯೆತ್ತಿ ನೋಡಿದರೆ ಬಣ್ಣದ ಗಾಜಿನಲ್ಲಿ ನವಿಲುಗಳು. ತಲೆ ತಗ್ಗಿಸಿದರೆ ಇಂಗ್ಲೆಂಡಿನಿಂದ ತಂದ ಹಂಚುಗಳಲ್ಲಿ ಮತ್ತೆ ನವಿಲುಗಳು. ಗಾಜು ತಯಾರಾದದ್ದು ಗ್ಲಾಸ್ಗೋದಲ್ಲಾದರೂ ಅದರ ಚಿತ್ರವಿನ್ಯಾಸ ಮೈಸೂರಿನ ಕಲಾವಿದರದು. ಈ ಗಾಜು ಬರಿಯ ಶೋಕಿಗೆ ಕೂಡಿಸಿದ್ದಲ್ಲ. ನಾಲ್ಕು ಕಡೆಯೂ ಕಟ್ಟಡ ಸುತ್ತುವರಿದ ಮಂಟಪಕ್ಕೆ ಬೆಳಕು ಬರಬೇಕಾದದ್ದು ಮೇಲಿನಿಂದಲೇ. ಬರಿಗಾಜು ಹಾಕಿದ್ದರೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬಣ್ಣ ಅದನ್ನು ಸೋಸಿ ಇಳಿಸುತ್ತದೆ.

ಸುತ್ತಲಿನ ಗೋಡೆಯ ಮೇಲೆ ದಸರಾ ಮೆರವಣಿಗೆಯ ದೊಡ್ಡ ತೈಲಚಿತ್ರಗಳು. ಅಂಬಾರಿ, ಕುದುರೆಪಡೆ, ವಾದ್ಯದವರು, ನೋಡಲು ನೆರೆದ ಜನ. ಮೈಸೂರಿನ ಚಿತ್ರಕಾರರು ಫೋಟೊಗಳನ್ನು ಆಧರಿಸಿ ಬರೆದವು. ಮೆರವಣಿಗೆ ಗೋಡೆಯಿಂದ ಗೋಡೆಗೆ ಸಾಗುವುದರಿಂದ ನೋಡುವವರೂ ಅದರ ಜೊತೆಗೇ ಹೆಜ್ಜೆ ಹಾಕಬೇಕು.

ದೃಶ್ಯ: ಸಾರ್ವಜನಿಕ ದರ್ಬಾರ್ ಸಭಾಂಗಣ, ಅಲ್ಲಿಂದ ಅಂಬಾವಿಲಾಸದ ಒಳ ಸಭಾಂಗಣ.

ನಿರೂಪಣೆ:
ಮೇಲಿನ ದರ್ಬಾರ್ ಸಭಾಂಗಣ 155 ಅಡಿ ಉದ್ದ, 42 ಅಡಿ ಅಗಲ. ಅದರ ಒಂದು ಪಾರ್ಶ್ವ ಪೂರ್ತಿ ಮೈದಾನಕ್ಕೆ ತೆರೆದಿದೆ. ಮಹಾರಾಜರು ಸಿಂಹಾಸನವೇರಿದಾಗ ಕೆಳಗೆ ನೆರೆದ ಪ್ರಜೆಗಳಿಗೂ ಕಾಣಬೇಕಲ್ಲ! ಅದಕ್ಕೇ ಇಲ್ಲಿನ ಕಮಾನು ದೊಡ್ಡದು, ಕಂಬ ದೊಡ್ಡದು, ಬಣ್ಣ ಗಾಢ. ಆಪ್ತರ ಭೇಟಿಗೆಂದು ಮೀಸಲಾಗಿದ್ದ, ಅಂಬಾವಿಲಾಸವೆಂದೇ ಕರೆಯುವ ಒಳ ಸಭಾಂಗಣಕ್ಕೆ ಬಂದರೆ ಕುಸುರಿ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ. ಬೀಟೆ ಮರದ ಬಾಗಿಲಿನಲ್ಲಿ ದಂತದ ಕೂಡಿಕೆ, ಅಮೃತಶಿಲೆಯ ನೆಲದಲ್ಲಿ ಬಣ್ಣದ ಕಲ್ಲಿನ ಹೂ. ಇವು ಮಾರು ದೂರದಲ್ಲಿ ನಿಂತವರಿಗೆ ಮಾತ್ರ ಕಾಣುವಂಥವು. ಹತ್ತಡಿ ಎತ್ತರದ ಹಜಾರಕ್ಕೆ ಫಾಲ್ಸ್ ಸೀಲಿಂಗ್ ಹಾಕಿ ಒಂಬತ್ತಕ್ಕೆ ಇಳಿಸಿ, ಅದರಿಂದ ಮೂರಡಿಯ ತೂಗುದೀಪ ಇಳಿಬಿಡುವವರು ಸಾರ್ವಜನಿಕ ದರ್ಬಾರಿನ ಸಾಮಾನನ್ನು ಆಪ್ತರ ಕೋಣೆಗೆ ತುರುಕುತ್ತಿದ್ದಾರೆ. ಎತ್ತರದ ನೆಂಟರು ತಲೆ ಬಗ್ಗಿಸಿ ನಡೆಯಬೇಕು.

ಪ್ಲಾಸ್ಟರನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಇದೇ ಅರಮನೆಗಾಗಿ ಕಲಾವಿದ ಕೆ. ವೆಂಕಟಪ್ಪನವರು ಪ್ಲಾಸ್ಟರಿನಲ್ಲೇ ಉಬ್ಬುಶಿಲ್ಪ ಮಾಡಿದ್ದಾರೆ. ಅಲ್ಲಿ ಪ್ಲಾಸ್ಟರ್ ಕಲ್ಲಿನ ವೇಷ ಹಾಕಿಲ್ಲ, ಅಷ್ಟೆ.

ದೃಶ್ಯ: ಶ್ರೀರಂಗಪಟ್ಟಣ, ದರಿಯಾ ದೌಲತ್ ಬಾಗ್. ಪಶ್ಚಿಮದ ಗೋಡೆ.

ನಿರೂಪಣೆ:
ಮಂಡ್ಯ ಜಿಲ್ಲೆಗೆ ಬಂದರೆ ಶ್ರೀಮಂತಿಕೆಯ ಇನ್ನೊಂದು ಬಗೆ ಸಿಗುತ್ತದೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ತೇಗದ ಕಂಬ, ಸುತ್ತಲೂ ಅಗಲವಾದ ಮೊಗಸಾಲೆ, ಅದರಾಚೆ ತೋಟ. ಇಲ್ಲಿ ಗೋಡೆಯ ಬಣ್ಣವೇ ಎಲ್ಲ. ಬರಿದಾದ ಒಂದು ಗೇಣು ಜಾಗ ಹುಡುಕುವುದೂ ಕಷ್ಟ. ಒಳಗೆ ಹೂಬಳ್ಳಿಗಳು, ಹೊರಗೆ ಯುದ್ಧ. 1780ರ ಪೊಲ್ಲಿಲೂರು ಕದನದಲ್ಲಿ ಮೈಸೂರಿನ ಸೈನ್ಯ ಇಂಗ್ಲಿಷರನ್ನು ಮುರಿದ ಚಿತ್ರವಿದು. ಮದ್ದಿನ ಗಾಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ದಂಡನಾಯಕ ಕರ್ನಲ್ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಅರಮನೆಗೆ ಬಂದವರು ಈ ಗೋಡೆಯನ್ನು ನೋಡುತ್ತ ಒಳಗೆ ಹೋಗಬೇಕಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಲ್ಲಿ ವಾಸಕ್ಕಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದ! ತನ್ನವರು ಸೋತ ಚಿತ್ರವಾದರೂ ಅವನು ಅದನ್ನು ಅಳಿಸಲಿಲ್ಲ.

ದೃಶ್ಯ: ಬೀಟೆ ಮರದ ಹಲಗೆಯ ಮೇಲೆ ಉಳಿ ಹಿಡಿದ ಕೈ.

ನಿರೂಪಣೆ:
ದುಡ್ಡಿದೆ, ಮನೆಯಲ್ಲಿ ಒಂದಾದರೂ ರಾಜಠೀವಿಯ ವಸ್ತು ಇರಬೇಕು ಎನ್ನುವವರಿಗೆ ನನ್ನದೊಂದು ಸಲಹೆ. ಕಂಬ ಬಿಡಿ, ದೇವರ ಕೋಣೆಯ ಬಾಗಿಲಿಗೆ ಖರ್ಚು ಮಾಡಿ. ಮೈಸೂರಿನ ಬೀಟೆ ಮರದ ಕೂಡಿಕೆ ಕೆಲಸಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ, ಅದನ್ನು ಮಾಡುವ ಕುಶಲಕರ್ಮಿಗಳು ಊರಿನಲ್ಲೇ ಇದ್ದಾರೆ. ಚಿತ್ರವನ್ನು ತುಂಡುತುಂಡಾಗಿ ಬೇರೆ ಬೇರೆ ಮರಗಳಲ್ಲಿ ಕತ್ತರಿಸುತ್ತಾರೆ. ಬೀಟೆ ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ, ಅಂಟು ಹಚ್ಚಿ ಕೂರಿಸುತ್ತಾರೆ. ಆಮೇಲೆ ಉಜ್ಜಿ ಸಮ ಮಾಡಿ ಪಾಲಿಶ್. ಹಿಂದೆ ಬಿಳುಪಿಗೆ ಆನೆಯ ದಂತವೇ ಬೇಕಿತ್ತು. ವನ್ಯಜೀವಿ ಕಾಯ್ದೆ ಬಿಗಿಯಾದ ಮೇಲೆ ಅದು ನಿಂತಿತು, ಈಗ ತಿಳಿಬಣ್ಣದ ಮರಗಳು ಆ ಜಾಗಕ್ಕೆ ಬಂದಿವೆ.

ಕೊಳ್ಳುವಾಗ ಹಲಗೆಯನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದು ನೋಡಿ. ಹೆಣ್ಣಿನ ಚಿತ್ರವಾದರೆ, ಸೀರೆಯ ಭಾಗದಲ್ಲಿ ಮರದ ಎಳೆ ಒಂದು ದಿಕ್ಕಿಗೆ, ಮುಖದ ಭಾಗದಲ್ಲಿ ಇನ್ನೊಂದು ದಿಕ್ಕಿಗೆ ಓಡಿದ್ದರೆ ಅದು ಕೂಡಿಸಿದ ಮರ. ಇಡೀ ಚಿತ್ರದಲ್ಲಿ ಎಳೆ ಒಂದೇ ಕಡೆಗೆ ಸಾಗಿದ್ದರೆ ಬಣ್ಣ ಬಳಿದದ್ದು. ಎಳೆಯೇ ಕಾಣದಿದ್ದರೆ ಮುದ್ರಿಸಿ ಅಂಟಿಸಿದ್ದು. ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.